ಎರಡು ತೊಟ್ಟು ಎಣ್ಣೆ

ಎಣ್ಣೆ ಬಿದ್ದದ್ದು ಭಾನುವಾರ. ಮೆಷಿನ್ ನಿಂತದ್ದು ಸೋಮವಾರ. ಇನ್ನು ತಾಳೆ ಹಾಕಿ ನೋಡಲು ಯಾರಿಗಾದರೂ ಎಷ್ಟು ಹೊತ್ತು ಬೇಕು? ಮನೆಯವರೆಲ್ಲ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ತೀರ್ಪು ಕೊಟ್ಟು ಮುಗಿಸಿದ್ದರು.

ಮೆಷಿನ್ ಕಾಲರಮ್ಮನದು. ಅವಳಿಗೆ ಆ ಹೆಸರು ಕೊಟ್ಟದ್ದು ಬೀದಿಯವರು. ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಅವಳು ಬರೀ ಕಾಲರು ಹೊಲಿದಿದ್ದಳು. ತೋಳು ಹೊಲಿಯುವವರು ಬೇರೆ, ಗುಂಡಿ ಕೂರಿಸುವವರು ಬೇರೆ. ಲಕ್ಷಾಂತರ ಅಂಗಿಗಳ ಕುತ್ತಿಗೆ ಅವಳ ಕೈ ದಾಟಿ ಹೋಗಿದ್ದರೂ ಒಂದೇ ಒಂದು ಪೂರ್ತಿ ಅಂಗಿ ಹೊಲಿಯುವ ಯೋಗ ಅವಳಿಗೆ ಬಂದಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಗಟ್ಟಿ ಮನಸ್ಸು ಮಾಡಿ ಕೆಲಸ ಬಿಟ್ಟಳು. ಬಿಟ್ಟಾಗ ಬಂದ ಹಣವನ್ನೆಲ್ಲ ಒಂದು ಕಸೂತಿ ಮೆಷಿನ್ ಮೇಲೆ ಸುರಿದು, ಮುಂದಿನ ಕೋಣೆಯ ಕಿಟಕಿಯ ಪಕ್ಕ, ಹಳೆಯ ಹೊಲಿಗೆ ಮೆಷಿನ್ನಿನ ಜೊತೆಗೆ ತಂದಿಟ್ಟುಕೊಂಡಳು. ಅಂಗೈಯಗಲದ ಪರದೆ ಇದ್ದ ಮೆಷಿನ್ ಅದು. ಹೆಸರು ಒತ್ತಿದರೆ ಹೆಸರು, ಹೂವು ಒತ್ತಿದರೆ ಹೂವು, ತಾನಾಗೇ ಹೊಲಿದು ನಿಲ್ಲುತ್ತಿತ್ತು.

ಅದೃಷ್ಟವೂ ಕೈ ಹಿಡಿಯಿತು ಅನ್ನಿ. ಎರಡು ಬೀದಿ ಆಚೆಯ ಶಾಲೆಯ ಹೆಡ್ ಮೇಡಂ ಇನ್ನೂರ ಅರವತ್ತು ಸಮವಸ್ತ್ರದ ಅಂಗಿ ಬೇಕೆಂದರು. ಜೇಬಿನ ಮೇಲೆ ಶಾಲೆಯ ಗುರುತು, ಅದರ ಕೆಳಗೆ ಆಯಾ ಮಗುವಿನ ಹೆಸರು. ಐದು ವಾರದಲ್ಲಿ ಶಾಲೆ ತೆರೆಯುತ್ತದೆ, ಅಷ್ಟರೊಳಗೆ ಕೊಟ್ಟರೆ ಮುಂದೆ ಪ್ರತಿ ವರ್ಷವೂ ನಿನಗೇ ಎಂದಿದ್ದರು. ಕೊಡದಿದ್ದರೆ ಏನೆಂದು ಅವರು ಹೇಳಲಿಲ್ಲ, ಇವಳು ಕೇಳಲೂ ಇಲ್ಲ. ಆದರೆ ತಿರುಗಿ ಕಾರ್ಖಾನೆಗೆ ಹೋಗಿ ಕಾಲರು ಹೊಲಿಯುವುದೊಂದೇ ದಾರಿ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಎಣ್ಣೆಯ ವಿಷಯ. ಅವಳ ಮಾವ ಅದೇ ಕಾರ್ಖಾನೆಯಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ನೂರಿಪ್ಪತ್ತು ಮೆಷಿನ್ನುಗಳ ಆರೋಗ್ಯ ಅವರ ಕೈಯಲ್ಲಿತ್ತು. ಕೆಲಸದಿಂದ ನಿವೃತ್ತರಾದರೂ ಭಾನುವಾರದ ಎಣ್ಣೆ ಬಿಡಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ, ಉದ್ದ ಮೂತಿಯ ಎಣ್ಣೆ ಕ್ಯಾನು ಹಿಡಿದು ಮನೆಯ ಸುತ್ತ ಒಂದು ಸುತ್ತು ಹೊರಡುವರು. ಬಾಗಿಲ ತಿರುಗಣೆ, ಗೇಟು, ಕಿಟಕಿಯ ಕೊಂಡಿ, ಫ್ಯಾನು, ಸೈಕಲ್ಲಿನ ಚೈನು, ಒಂದನ್ನೂ ಬಿಡುವವರಲ್ಲ. ಪಕ್ಕದ ಮನೆಯವರ ಗೇಟು ಕಿರುಗುಟ್ಟಿದರೆ ಕೇಳದೆಯೇ ಹೋಗಿ ಎರಡು ತೊಟ್ಟು ಬಿಟ್ಟು ಬರುವರು. ಆ ಮನೆಯಲ್ಲಿ ಯಾವುದೂ ಸದ್ದು ಮಾಡುತ್ತಿರಲಿಲ್ಲ. ಸದ್ದಿಲ್ಲದ್ದನ್ನು ಯಾರು ತಾನೇ ಗಮನಿಸುತ್ತಾರೆ?

ಆ ಭಾನುವಾರ ಸೊಸೆಯ ಹೊಸ ಮೆಷಿನ್ ಕಣ್ಣಿಗೆ ಬಿತ್ತು. ಮೂರು ತಿಂಗಳಿಂದ ದುಡಿಯುತ್ತಿದೆ, ಒಂದು ತೊಟ್ಟು ಎಣ್ಣೆ ಕಂಡಿಲ್ಲ, ಪಾಪ ಅನ್ನಿಸಿತು ಅವರಿಗೆ. ಪಕ್ಕದ ಮುಚ್ಚಳದ ತಿರುಪಿನ ಮೇಲೆ ಒಂದು ಬೆಳ್ಳಿ ಬಣ್ಣದ ಚೀಟಿ ಅಂಟಿತ್ತು. ಅಂಗಡಿಯವನ ಬೆಲೆಪಟ್ಟಿ ಇರಬೇಕೆಂದುಕೊಂಡು ಉಗುರಿನಿಂದ ಕೆರೆದು ತೆಗೆದರು. ಮುಚ್ಚಳ ಬಿಚ್ಚಿ, ಬೇಕಾದ ಕಡೆ ಎರಡು ತೊಟ್ಟು ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮೊದಲಿನ ಹಾಗೇ ಮುಚ್ಚಿದರು.

ಸೋಮವಾರ ಬೆಳಿಗ್ಗೆ ಕಾಲರಮ್ಮ ಮೆಷಿನ್ ಹಾಕಿದಳು. ದಿನವೂ ಅದು ಎದ್ದೊಡನೆ ಪರದೆಯ ಮೇಲೆ ಏನೇನೋ ಚೌಕಗಳು ಬರುತ್ತಿದ್ದವು. ಹೊಸ ದಾರ ಬಂದಿದೆ, ಹೊಸ ಚಿತ್ತಾರ ಬಂದಿದೆ, ನಮ್ಮ ಸೇವೆ ಹೇಗಿದೆ ಹೇಳಿ. ಈಚೆಗೆ ಸಣ್ಣ ಅಕ್ಷರದ ಹಳದಿ ಚೌಕವೊಂದೂ ಸೇರಿತ್ತು. ಅವಳು ಊಟದ ಮೇಲಿನ ನೊಣ ಓಡಿಸುವಂತೆ ಎಲ್ಲಕ್ಕೂ ‘ಆಮೇಲೆ’ ಒತ್ತಿ ಕೆಲಸಕ್ಕೆ ಕೂರುತ್ತಿದ್ದಳು. ಆ ದಿನ ಚೌಕ ಬರಲಿಲ್ಲ. ಕೆಂಪು ದೀಪ ಹತ್ತಿತು. ‘ಸೇವೆ ಲಭ್ಯವಿಲ್ಲ. ಸಂಖ್ಯೆ ೪೧. ಸಹಾಯ ಕೇಂದ್ರಕ್ಕೆ ಕರೆ ಮಾಡಿ’ ಎಂದಿತು.

ಸಹಾಯ ಕೇಂದ್ರ ಅವಳನ್ನು ಮೊದಲು ಒಂದು ಒತ್ತು, ಎರಡು ಒತ್ತು, ಒಂಬತ್ತು ಒತ್ತು ಎಂದು ಕುಣಿಸಿತು. ಆಮೇಲೆ ಮುಕ್ಕಾಲು ಗಂಟೆ ಸಂಗೀತ ಕೇಳಿಸಿತು. ನಡುನಡುವೆ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಬ್ಬಳು ಬಂದು ಹೇಳಿ ಹೋಗುವಳು. ಕೊನೆಗೊಬ್ಬ ಹುಡುಗ ಸಿಕ್ಕಿದ. ಅವನು ಕೇಳಿದ ಮೊದಲ ಪ್ರಶ್ನೆಯೇ, ಮೆಷಿನ್ ತೆರೆದಿದ್ದೀರಾ? ಕಾಲರಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹೌದು, ನಿನ್ನೆ ನಮ್ಮ ಮಾವ ಎಣ್ಣೆ ಹಾಕಿದರು ಎಂದಳು. ಮುಗಿಯಿತು. ಅವನ ದನಿಯೇ ಬದಲಾಯಿತು. ಮುದ್ರೆ ಒಡೆದಿದ್ದೀರಿ, ಆ ಮೆಷಿನ್ನಿಗೆ ಎಣ್ಣೆ ಹಾಕುವ ಹಾಗಿಲ್ಲ, ನಮ್ಮ ತಂತ್ರಜ್ಞ ಬಂದು ಪರೀಕ್ಷೆ ಮಾಡಬೇಕು, ಅದಕ್ಕೆ ಇಪ್ಪತ್ತೊಂದು ಕೆಲಸದ ದಿನ ಹಿಡಿಯುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಹನ್ನೆರಡು ಅಂಕಿಯ ದೂರು ಸಂಖ್ಯೆ ಬರೆಸಿ, ಶುಭದಿನ ಎಂದು ಇಟ್ಟುಬಿಟ್ಟ.

ಅವಳು ಬೆರಳು ಮಡಿಚಿ ಎಣಿಸಿದಳು. ಇಪ್ಪತ್ತೊಂದು ಕೆಲಸದ ದಿನವೆಂದರೆ ನಾಲ್ಕು ವಾರದ ಮೇಲೆ. ಇನ್ನೂರ ಅರವತ್ತು ಅಂಗಿಯಲ್ಲಿ ಹೆಸರು ಬಿದ್ದದ್ದು ಮೂವತ್ತಕ್ಕೆ ಮಾತ್ರ.

ಮಾವ ಬಾಗಿಲಲ್ಲೇ ನಿಂತಿದ್ದರು. ಮುಚ್ಚಳ ಬಿಚ್ಚಿ ಒಮ್ಮೆ ನೋಡಲೇ ಎಂದು ಮೆಲ್ಲಗೆ ಕೇಳಿದರು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಅವಳಿಗೆ.

“ಇನ್ನೂ ಏನು ನೋಡ್ತೀರಿ? ಇದು ನಿಮ್ಮ ಕಾಲದ ಮೆಷಿನ್ ಅಲ್ಲ ಮಾವ. ನಿಮ್ಮ ಕೈ ಹೋಗಿದೆ. ಸುಮ್ನೆ ಇರಕ್ಕಾಗಲ್ಲ ಅಂದ್ರೆ ಆ ಕೈನ ತೊಡೆ ಮೇಲಿಟ್ಕೊಂಡು ಕೂತ್ಕೊಳ್ಳಿ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ತೂಕ ಅವಳಿಗೂ ತಿಳಿಯಿತು. ಆದರೆ ಆ ಹೊತ್ತಿಗೆ ಹಿಂತೆಗೆದುಕೊಳ್ಳುವ ಮನಸ್ಸಿರಲಿಲ್ಲ. ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿತ್ತಲಿಗೆ ನಡೆದರು.

ಸಂಜೆ ಗಂಡ ಬಂದ. ಅವನು ನಗರದ ಬಸ್ಸಿನ ಡ್ರೈವರು, ಇಡೀ ದಿನ ಜನರ ಕೂಗು ಕೇಳಿ ಬರುವ ಮನುಷ್ಯ, ಮನೆಯಲ್ಲಿ ಕೂಗಾಟ ಅಂದರೆ ಅವನಿಗೆ ಆಗದು. ಅಪ್ಪ ಬೇಕಂತ ಮಾಡಿಲ್ಲ, ಆದರೆ ಕೇಳಿ ಮಾಡಬಹುದಿತ್ತು ಎಂದು ಎರಡು ಕಡೆಗೂ ಒಂದೊಂದು ಮಾತು ಹಂಚಿ ಕೈ ತೊಳೆದುಕೊಂಡ. ಊಟಕ್ಕೆ ಕೂತಾಗ ಮಾವ ತಮ್ಮ ತಟ್ಟೆ ಎತ್ತಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋದರು. ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಮಾರನೆಯ ದಿನವೂ ಗಾಳಿ ಚೆನ್ನಾಗಿತ್ತು, ಅದರ ಮಾರನೆಯ ದಿನವೂ.

ಎರಡನೆಯ ವಾರ ಮನೆಯ ಬಣ್ಣವೇ ಬದಲಾಯಿತು. ಕಾಲರಮ್ಮ ಸೂಜಿ ದಾರ ಹಿಡಿದು ಕೈಯಲ್ಲೇ ಹೆಸರು ಹೊಲಿಯತೊಡಗಿದಳು. ಬೆಳಗಿನ ಕೆಲಸ ಮುಗಿಸಿ ಕೂತರೆ ಕತ್ತಲಾಗುವವರೆಗೆ ಏಳು ಅಂಗಿ, ಬಹಳ ಅಂದರೆ ಎಂಟು. ಚಿಕ್ಕ ಹೆಸರಿನ ಮಕ್ಕಳ ಮೇಲೆ ಅವಳಿಗೆ ಪ್ರೀತಿ ಉಕ್ಕುತ್ತಿತ್ತು. ಮೂರು ಪದದ ಉದ್ದುದ್ದ ಹೆಸರಿಟ್ಟ ತಂದೆತಾಯಿಯರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದಳು. ಗಂಡ ಪಾಳಿ ಮುಗಿಸಿ ಬಂದು ಅಂಗಿಗಳಿಗೆ ಇಸ್ತ್ರಿ ಹಾಕುವನು. ಅಡುಗೆ ಎಂದರೆ ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಮೂರನೆಯ ದಿನಕ್ಕೆ ಮೊಟ್ಟೆಯ ಮುಖ ನೋಡಿದರೆ ಮಗಳಿಗೆ ಅಳು ಬರುತ್ತಿತ್ತು.

ಮಗಳ ಕೆಲಸವೂ ಇಲ್ಲಿ ಹೇಳಬೇಕು. ಅವಳು ಒಂದು ಫೋನ್ ಕಂಪನಿಯ ಸಹಾಯ ಕೇಂದ್ರದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುವವಳು. ದಿನಕ್ಕೆ ತೊಂಬತ್ತು ಕರೆ. ನೀರು ಕುಡಿಯಲು ಎದ್ದರೂ ಯಾರೋ ಗಡಿಯಾರ ನೋಡುತ್ತಾರೆ. ಮನೆಗೆ ಬಂದರೆ ಅವಳಿಗೆ ಮಾತೆಂದರೆ ಬೇಸರ, ಅಮ್ಮನ ಪಕ್ಕ ಕೂತು ತೆಪ್ಪಗೆ ದಾರ ಕತ್ತರಿಸಿಕೊಡುತ್ತಿದ್ದಳು.

ಮೂರನೆಯ ವಾರದ ಸೋಮವಾರ ಸಂಜೆ ಊಟದ ಮೇಜಿನಲ್ಲೇ ಕಾಲರಮ್ಮ ಐದನೆಯ ಸಲ ಕರೆ ಮಾಡಿದಳು. ಫೋನು ಎತ್ತಿದವಳು ದೂರು ಪರಿಶೀಲನೆಯಲ್ಲಿದೆ ಎಂಬ ಒಂದೇ ಪಲ್ಲವಿ ಹಾಡಿದಳು. ಕಾಲರಮ್ಮನ ತಾಳ್ಮೆಯ ಕಟ್ಟೆ ಒಡೆಯಿತು. ನೀವೇನು ಮನುಷ್ಯರೋ ಗಿಳಿಗಳೋ, ಹೇಳಿಕೊಟ್ಟದ್ದನ್ನೇ ಒದರುವುದಕ್ಕೆ ಸಂಬಳ ಬೇರೆ ಕೇಡು, ನಿನ್ನ ಮನೆ ಹಾಳಾಗ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಆ ಕಡೆಯವಳು ಕ್ಷಮಿಸಿ ಮೇಡಂ ಅಂದಳು, ಶುಭ ಸಂಜೆ ಅಂದಳು, ಇಟ್ಟಳು.

ಮಗಳು ತಟ್ಟೆ ದೂರ ಸರಿಸಿದಳು.

“ಅಮ್ಮ, ಆ ಕಡೆ ಇದ್ದವಳು ನನ್ನಂಥವಳೇ. ಇವತ್ತು ಮಧ್ಯಾಹ್ನ ಒಬ್ಬರು ನನಗೂ ಗಿಳಿ ಅಂದ್ರು.”

“ನೀನು ಹಾಗಲ್ವಲ್ಲೇ.”

“ನಾನೂ ಹಾಗೇ. ಪರದೆ ಮೇಲೆ ಏನಿದೆಯೋ ಅದನ್ನೇ ಹೇಳ್ಬೇಕು. ನೀನು ಮೊದಲನೇ ದಿನವೇ ತೆರೆದಿದ್ವಿ ಅಂದೆ. ಅಲ್ಲಿಗೆ ಅವರ ಪಟ್ಟಿಲಿ ನೀನು ತೆರೆದವರ ಸಾಲಿಗೆ ಸೇರ್ದೆ. ಬೇರೆ ಏನಾಗಿರ್ಬಹುದು ಅಂತ ಯಾರೂ ನೋಡಲ್ಲ, ನೋಡಕ್ಕೆ ಟೈಮ್ ಕೊಡಲ್ಲ.”

ಮಗಳ ಕಣ್ಣ ಕೆಳಗಿನ ಕಪ್ಪನ್ನು ಕಾಲರಮ್ಮ ಸರಿಯಾಗಿ ನೋಡಿದ್ದೇ ಆಗ. ಕಪಾಟಿನಲ್ಲಿದ್ದ ಒಂದು ಬಾಳೆಹಣ್ಣು ತಂದು ಮಗಳ ತಟ್ಟೆಯ ಪಕ್ಕ ಇಟ್ಟಳು. ಮಗಳು ಅದನ್ನು ಸುಲಿದು ತಿಂದಳು. ಆಮೇಲೆ ಗುಟ್ಟು ಹೇಳುವವಳ ಹಾಗೆ, ಇನ್ನೊಂದು ಸಲ ಮಾಡಿದಾಗ ಕೆಟ್ಟಿದೆ ಅನ್ನಬೇಡ, ನಿಮ್ಮ ಸಹವಾಸವೇ ಬೇಡ, ಖಾತೆ ರದ್ದು ಮಾಡಿ ಅನ್ನು, ಆಗ ನಿಜವಾಗಿ ತಲೆ ಉಪಯೋಗಿಸುವವರು ಫೋನಿಗೆ ಬರುತ್ತಾರೆ ಎಂದಳು. ಬಿಟ್ಟು ಹೋಗುವವರಿಗೆ ಮಾತ್ರ ಮರ್ಯಾದೆಯೇ ಎಂದು ಗಂಡ ಕೇಳಿದ. ನಮ್ಮಲ್ಲೂ ಅಷ್ಟೇ ಅಪ್ಪ ಎಂದಳು ಮಗಳು.

ಹಿತ್ತಲ ಬಾಗಿಲು ಕಿರ್ರೆಂದಿತು. ಮಾವ ತೊಳೆದ ತಟ್ಟೆ ಒಳಗಿಟ್ಟು ಹೋದರು. ಎಲ್ಲರೂ ತಲೆ ಎತ್ತಿದರು. ಆ ಬಾಗಿಲು ಹಾಗೆ ಕೂಗಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಎರಡು ಭಾನುವಾರ ಕಳೆದಿದ್ದವು, ಎಣ್ಣೆ ಕ್ಯಾನು ಹೊರಗೆ ಬಂದಿರಲಿಲ್ಲ. ಗೇಟು ನರಳುತ್ತಿತ್ತು, ಫ್ಯಾನು ಟಕಟಕ ಅನ್ನುತ್ತಿತ್ತು. ಎಣ್ಣೆ ಹಾಕಿ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಹಾಗೆ ಹೇಳಬೇಕಾದವಳು ತಾನೇ ಎಂದು ಕಾಲರಮ್ಮನಿಗೆ ಗೊತ್ತಿತ್ತು. ಆದರೂ ತಪ್ಪು ಮಾಡಿದವರು ಅವರು, ಬೆರಳು ತೂತಾಗುತ್ತಿರುವುದು ತನ್ನದು ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡಳು.

ಮೂರನೆಯ ವಾರದ ಬುಧವಾರ ಹೆಡ್ ಮೇಡಂ ತಾವೇ ಬಂದರು. ಕೈಹೊಲಿಗೆ ಚೆನ್ನಾಗಿದೆ, ಆದರೆ ಇನ್ನೂರ ಅರವತ್ತು ಆಗಬೇಕಲ್ಲ ಎಂದು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಮುಂದಿನ ವಾರ ಆಗುವುದಿಲ್ಲವೆಂದರೆ ಈಗಲೇ ಹೇಳಿಬಿಡಿ, ಬೇರೆಯವರಿಗೆ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಎಂದು ತುಂಬಾ ಮರ್ಯಾದೆಯಿಂದಲೇ ಹೇಳಿದರು. ಆ ಮರ್ಯಾದೆಯೇ ಕಾಲರಮ್ಮನನ್ನು ಹೆದರಿಸಿತು. ಅವರು ಗೇಟು ದಾಟುವುದನ್ನೇ ಕಾದು ಫೋನು ಎತ್ತಿಕೊಂಡಳು.

“ನಂಗೆ ರಿಪೇರಿ ಬೇಡ. ಖಾತೆ ರದ್ದು ಮಾಡಿ. ನಿಮ್ಮ ಸಹವಾಸ ಸಾಕು.”

ಸಂಗೀತ ಅರ್ಧ ನಿಮಿಷವೂ ಇರಲಿಲ್ಲ. ಒಬ್ಬ ಹೆಂಗಸು ಬಂದಳು, ವಯಸ್ಸಾದ ದನಿ, ಅವಸರವಿಲ್ಲದ್ದು. ಯಾಕಮ್ಮ ಬಿಡುತ್ತೀರಿ ಎಂದು ಕೇಳಿ, ಕಾಲರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಒಂದು ನಿಮಿಷ ಎಂದು ಏನೋ ಟಕಟಕ ಒತ್ತಿದಳು.

“ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲಮ್ಮ. ನಲವತ್ತೊಂದು ಅಂದ್ರೆ ಚಂದಾ ಮುಗಿದಿದೆ ಅಂತ. ಮೆಷಿನ್ ಜೊತೆ ಮೂರು ತಿಂಗಳು ಉಚಿತ ಇತ್ತು. ಆ ಭಾನುವಾರಕ್ಕೆ ಮುಗೀತು.”

“ಚಂದಾ ಯಾವುದಕ್ಕೆ? ಮೆಷಿನ್ ನಾನು ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದೀನಿ.”

“ಮೆಷಿನ್ ನಿಮ್ಮದೇ ಅಮ್ಮ. ಅಕ್ಷರ, ಹೂವು, ಗುರುತು ಹೊಲಿಯೋ ಅನುಮತಿ ಮಾತ್ರ ನಮ್ಮದು. ಅದನ್ನ ವರ್ಷ ವರ್ಷ ತಗೋಬೇಕು. ಹಳದಿ ಚೌಕದಲ್ಲಿ ಹದಿನಾಲ್ಕು ಸಲ ತಿಳಿಸಿದ್ದೀವಿ. ಹದಿನಾಲ್ಕು ಸಲವೂ ‘ಆಮೇಲೆ’ ಒತ್ತಿದ್ದೀರಿ.”

ಕಾಲರಮ್ಮ, ಮೊದಲ ದಿನವೇ ಯಾಕೆ ಇದನ್ನು ಯಾರೂ ಹೇಳಲಿಲ್ಲ ಎಂದು ಕೇಳಿದಳು. ತೆರೆದಿದ್ದೇವೆ ಅಂದಿರಲ್ಲಮ್ಮ, ಅದಕ್ಕೇ ಅಲ್ಲಿಗೇ ನಿಲ್ಲಿಸಿದ್ದಾರೆ, ಆಗಬಾರದಿತ್ತು ಎಂದಳು ಆ ಹೆಂಗಸು, ಮತ್ತು ಅದು ಬರೆದಿಟ್ಟದ್ದನ್ನು ಓದಿದ ಹಾಗಿರಲಿಲ್ಲ. ಸಿಟ್ಟು ಮಾಡಲು ಕಾರಣ ಬೇಕಾದಷ್ಟಿತ್ತು. ಮೆಷಿನ್ ಕೊಡುವಾಗ ಅಂಗಡಿಯವನು ಬಾಯಿ ಬಿಟ್ಟಿರಲಿಲ್ಲ, ಕೆಂಪು ದೀಪ ಬರೀ ಅಂಕಿ ತೋರಿಸಿ ಕೂತಿತ್ತು. ಆದರೆ ಅವಳಿಗೆ ಆ ಹೊತ್ತಿನಲ್ಲಿ ನೆನಪಾದದ್ದು ಇದಾವುದೂ ಅಲ್ಲ. ಬೆನ್ನ ಹಿಂದೆ ಕಟ್ಟಿಕೊಂಡ ಮಾವನ ಎರಡು ಕೈ ನೆನಪಾಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು ಅವಳಿಗೆ.

ಚಂದಾ ಕಟ್ಟಿದಳು. ಐದು ನಿಮಿಷದಲ್ಲಿ ಮೆಷಿನ್ ಹಸಿರು ದೀಪ ಹೊತ್ತಿಸಿ, ಏನೂ ಆಗಿಲ್ಲವೆಂಬಂತೆ ಒಂದು ರಾಗ ಹಾಡಿ ಎದ್ದು ಕೂತಿತು. ಪಟ್ಟಿಯಲ್ಲಿ ಮೊದಲಿದ್ದ ಹೆಸರು ಒತ್ತಿದಳು. ಸೂಜಿ ಹೂವಿನ ಮೇಲೆ ಬೆರಳಾಡಿಸಿದಷ್ಟು ಮೆತ್ತಗೆ ಓಡಿತು. ಸದ್ದು ಮೊದಲಿಗಿಂತ ತೆಳ್ಳಗಿತ್ತು, ನಡುವೆ ಬರುತ್ತಿದ್ದ ಸಣ್ಣ ಕೆರೆತವೂ ಇರಲಿಲ್ಲ. ಆ ಎರಡು ತೊಟ್ಟು ಎಣ್ಣೆ ಅದಕ್ಕೆ ಬೇಕಾಗಿಯೇ ಇತ್ತು.

ಸಂಜೆ ಗಂಡ ಬಂದು ಮೆಷಿನ್ ಓಡುವುದನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತ. ಕಂಪನಿಯವರು ಅಲ್ಲಿಂದಲೇ ಸರಿ ಮಾಡಿದರೇ ಎಂದು ಕೇಳಿದ. ಅವಳು ಹೂಂ ಅಂದಳು. ಎಣ್ಣೆಯಿಂದ ಒಳಗೆ ಹಾಳಾಗಿರಲಿಲ್ಲವೇ ಎಂದ. ಅದಕ್ಕೂ ಏನೋ ಗೊಣಗಿದಳು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ, ಬಾಯಿ ತೆರೆಯದಿದ್ದರೆ ಸಾಕಾಗಿತ್ತು. ಮಗಳು ಮಾತ್ರ ಅಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದಳು, ಆದರೆ ಕೇಳಲಿಲ್ಲ. ಅವಳ ತೊಂಬತ್ತು ಕರೆ ಆಗಲೇ ಮುಗಿದಿತ್ತು.

ಮಾವ ಬಾಗಿಲವರೆಗೆ ಬಂದು, ಹೊಸಿಲಾಚೆಯೇ ನಿಂತು ಕಿವಿಗೊಟ್ಟರು.

“ಸದ್ಯ, ನನ್ನಿಂದ ಪೂರ್ತಿ ಕೆಡಲಿಲ್ಲವಲ್ಲ. ಅಷ್ಟೇ ಸಾಕು ತಾಯಿ,” ಎಂದು ಹಿಂತಿರುಗಿದರು.

ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆ ಎದ್ದಿತ್ತು ಕೂಡ. ಆದರೆ ಹದಿನಾಲ್ಕು ಸಲ ಎನ್ನುವುದನ್ನು ಗಂಡನ ಮುಂದೆ, ಮಗಳ ಮುಂದೆ ಹೇಗೆ ಹೇಳುವುದು? ಅದಕ್ಕಿಂತ ಹೆಚ್ಚಾಗಿ, ನಿಮ್ಮ ಕೈ ಹೋಗಿದೆ ಎಂದವಳು ಈಗ ಯಾವ ಬಾಯಿಂದ ಮಾತಾಡುವುದು? ಅಂಗಿಗಳು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡು ಮುಂದಿನ ಹೆಸರು ಒತ್ತಿದಳು.

ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಅಂಗಿಗಳ ರಾಶಿ ಏರಿತು. ಊಟದ ಹೊತ್ತಿಗೆ ಹಿತ್ತಲ ಬಾಗಿಲು ಮಾವ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೂಗಿತು. ಒಮ್ಮೆ ಅವಳು ಮಾವನ ತಟ್ಟೆಗೆ ಎರಡನೆಯ ಮೊಟ್ಟೆ ಹಾಕಿದಳು. ಅವರು ಅದನ್ನು ಮೊಮ್ಮಗಳ ತಟ್ಟೆಗೆ ದಾಟಿಸಿ ಹೋದರು.

ಶನಿವಾರ ಎಲ್ಲರಿಗೂ ರಜೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟು ನರಳಿತು. ಹಳೆ ಕಬ್ಬಿಣ, ಹಳೆ ಕಾಗದ ಕೊಳ್ಳುವವನು ತಕ್ಕಡಿ ಹಿಡಿದು ಒಳಗೆ ಬಂದ. ನಾವು ಕರೆದಿಲ್ಲವಲ್ಲ ಎಂದ ಗಂಡ. ದೊಡ್ಡವರು ಬರಹೇಳಿದ್ದರು ಎಂದ ಅವನು.

ಮಾವ ಹಿತ್ತಲಿಂದ ಮರದ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಬಂದರು. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಪೆಟ್ಟಿಗೆ. ಮಗಳು ಚಿಕ್ಕವಳಿದ್ದಾಗ ಅದನ್ನು ಮುಟ್ಟಿದರೆ ಬೈಸಿಕೊಳ್ಳುತ್ತಿದ್ದಳು. ಒಳಗೆ ತಿರುಪುಳಿಗಳು ಎತ್ತರದ ಪ್ರಕಾರ ಮಲಗಿದ್ದವು, ಸ್ಪ್ಯಾನರುಗಳು, ಚಿಮಟಗಳು, ಹಿಡಿ ಸವೆದು ಅವರ ಅಂಗೈಯ ಆಕಾರಕ್ಕೇ ಬಂದಿದ್ದ ಸುತ್ತಿಗೆ. ಎಲ್ಲವನ್ನೂ ಒರೆಸಿ ಹೊಳೆಯಿಸಿದ್ದರು. ಮೇಲುಗಡೆ ಎಣ್ಣೆ ಕ್ಯಾನು ಇತ್ತು, ಖಾಲಿ ಮಾಡಿ, ಒಣಗಿಸಿ ಇಟ್ಟದ್ದು.

ಗಂಡ ಬೇಡಪ್ಪ, ಯಾಕೆ ಇದೆಲ್ಲ ಎಂದ. ಮಾವ ಶಾಂತವಾಗಿಯೇ ಇದ್ದರು. ಇಟ್ಟುಕೊಂಡರೆ ಕೈ ಕಡಿಯುತ್ತದೆ, ಕೈ ಕಡಿದರೆ ಮತ್ತೆ ಏನಾದರೂ ಮುಟ್ಟುತ್ತೇನೆ, ಮತ್ತೆ ಯಾರದೋ ಹೊಟ್ಟೆಯ ಮೇಲೆ ಹೊಡೆಯುತ್ತೇನೆ, ಬೇಡ ಎಂದರು. ತೂಗಪ್ಪ ಎಂದು ಪೆಟ್ಟಿಗೆಯನ್ನು ಮುಂದೆ ತಳ್ಳಿದರು.

ಒಳಗೆ ಮೆಷಿನ್ ಓಡುತ್ತಿತ್ತು. ತಕ್ಕಡಿಯ ಸರಪಳಿ ಝಣ ಎಂದದ್ದು ಕಾಲರಮ್ಮನಿಗೆ ಆ ಸದ್ದಿನ ನಡುವೆಯೂ ಕೇಳಿಸಿತು. ಅರ್ಧ ಹೊಲಿದ ಹೆಸರನ್ನು ಹಾಗೇ ನಿಲ್ಲಿಸಿ ಓಡಿ ಬಂದಳು. ಬಂದವಳು ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ಕೂತುಬಿಟ್ಟಳು.

“ಮಾವ, ನಿಮ್ಮ ಎಣ್ಣೆಯಿಂದ ಏನೂ ಆಗಿರಲಿಲ್ಲ. ತಪ್ಪು ನಂದು. ಚಂದಾ ಮುಗಿದಿತ್ತು. ಹದಿನಾಲ್ಕು ಸಲ ಹೇಳಿತ್ತು ಅದು, ನಾನು ಓದದೇ ಒತ್ತಿದ್ದೀನಿ. ಬುಧವಾರವೇ ಗೊತ್ತಾಯ್ತು ನಂಗೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.”

ಗಂಡ ಹೆಂಡತಿಯನ್ನೂ ಅಪ್ಪನನ್ನೂ ಸರದಿಯ ಮೇಲೆ ನೋಡಿದ. ಕಬ್ಬಿಣದವನು ತಕ್ಕಡಿ ಎತ್ತಿದ ಕೈ ಇಳಿಸುವುದೋ ಬೇಡವೋ ತಿಳಿಯದೆ ಹಾಗೇ ನಿಂತ. ಕಾಲರಮ್ಮನ ಕಣ್ಣಲ್ಲಿ ನೀರು ಧಾರಾಕಾರ. ಬೈಯಲಿ, ಹೊಡೆದರೂ ಹೊಡೆಯಲಿ ಎಂದು ತಲೆ ಬಗ್ಗಿಸಿ ಕೂತಿದ್ದಳು.

ಮಾವ ಬೈಯಲಿಲ್ಲ. ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು.

“ನಲವತ್ತು ವರ್ಷ ಮೆಷಿನ್ ಕೂಗೋದನ್ನ ಕೇಳಿ ಎಲ್ಲಿ ನೋವು ಅಂತ ಹೇಳ್ತಿದ್ದೆ,” ಎಂದರು. “ಇದು ನಿಂತಾಗ ಸದ್ದೇ ಮಾಡ್ಲಿಲ್ಲ. ಸದ್ದಿಲ್ದೆ ನಿಲ್ಲೋ ಮೆಷಿನ್ ನಾನು ನೋಡೇ ಇರ್ಲಿಲ್ಲಮ್ಮ. ಎರಡು ತೊಟ್ಟಿಂದ ಕೆಡಲ್ಲ ಅಂತ ಮೊದಲನೇ ದಿನ ಗೊತ್ತಿತ್ತು. ಆಮೇಲೆ ಎಲ್ಲರೂ ಹೇಳಿದಿರಿ, ಕಂಪನಿಯವರೂ ಹೇಳಿದರು. ನಾನೂ ನಂಬಿಬಿಟ್ಟೆ. ಕೈ ಹೋಯ್ತು ಅಂತಲೇ ನಂಬಿಬಿಟ್ಟೆ.”

ತಮ್ಮ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ನೋಡುವ ಹಾಗೆ ತಿರುಗಿಸಿ ನೋಡಿಕೊಂಡರು. ಮೊಮ್ಮಗಳು ಬಂದು ಪಕ್ಕದಲ್ಲಿ ಕೂತು ಆ ಕೈಯಲ್ಲೊಂದನ್ನು ಹಿಡಿದುಕೊಂಡಳು. ಗಂಡ ಗಂಟಲು ಸರಿಮಾಡಿಕೊಂಡು, ನಾನೂ ಅಂದೆನಲ್ಲಪ್ಪ, ಕೇಳಿ ಮಾಡಬಹುದಿತ್ತು ಅಂತ ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಹೊರಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಕಬ್ಬಿಣದವನು ತೂಗುವುದೋ ಹೇಗೆ ಸ್ವಾಮಿ ಎಂದು ಕೇಳಿದ. ಬರೀ ಕೈಲಿ ಕಳಿಸಬಾರದೆಂದು ಗಂಡ ಹಳೆಯ ದಿನಪತ್ರಿಕೆಗಳ ಕಟ್ಟು ತಂದು ಹಾಕಿದ. ಗೇಟು ನರಳುತ್ತಾ ಮುಚ್ಚಿತು. ಆ ಗೇಟಿನ ಕಡೆ ಮಾವ ಮುಖ ಕಿವುಚಿದ್ದನ್ನು ಕಾಲರಮ್ಮ ಕಂಡಳು, ಮೂರು ವಾರದಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು.

ಆ ಮಧ್ಯಾಹ್ನ ಊಟಕ್ಕೆ ಅವಳು ಮಾವನ ತಟ್ಟೆ ಮೇಜಿನ ಮೇಲೆ, ಅವರ ಹಳೆಯ ಜಾಗದಲ್ಲೇ ಇಟ್ಟಳು. ಅವರು ಹಿತ್ತಲ ಕಡೆ ನೋಡಿದರು, ತಟ್ಟೆ ನೋಡಿದರು, ಕೂತರು. ಅನ್ನ ಕಲಸುತ್ತಾ ಚಂದಾದ ವಿಷಯ ಕೇಳಿದರು. ಎಷ್ಟು ದಿನಕ್ಕೆ ಕಟ್ಟಿದ್ದೀಯ ಎಂದರೆ ಒಂದು ವರ್ಷಕ್ಕೆ ಎಂದಳು, ಆಮೇಲೆ ಎಂದರೆ ಮತ್ತೆ ಕಟ್ಟಬೇಕು ಎಂದಳು. ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು.

“ಅಂದ್ರೆ ಅದು ನಿಂದಲ್ಲ.”

“ಹೆಸರು ಹೊಲಿಯೋದು ಅವರದಂತೆ ಮಾವ. ಕಬ್ಬಿಣ ಎಲ್ಲ ನಮ್ಮದೇ.”

“ಹಾಗಾದ್ರೆ ಕಬ್ಬಿಣಾನ ನಾವು ನೋಡ್ಕೋಬೇಕು,” ಎಂದರು ಮಾವ.

ಮಾರನೆಯ ದಿನ ಭಾನುವಾರ. ಮಾವ ಸ್ನಾನ ಮುಗಿಸಿ ಬಂದಾಗ ಎಣ್ಣೆ ಕ್ಯಾನು ತುಂಬಿ ಮೇಜಿನ ಮೇಲಿತ್ತು. ಕಾಲರಮ್ಮ ತಾನೇ ಮೆಷಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಕಿಟಕಿ ಪೂರ್ತಿ ತೆರೆದು ಬೆಳಕು ಮಾಡಿ ಕಾಯುತ್ತಿದ್ದಳು. ಮಾವ ಹೊಸಿಲ ಆಚೆಯೇ ನಿಂತರು. ಕೈ ಮತ್ತೆ ಬೆನ್ನ ಹಿಂದೆ ಹೋಗಿತ್ತು.

“ಕಂಪನಿಯವರು ಗಲಾಟೆ ಮಾಡಲ್ವಾ?”

“ಮಾಡ್ಲಿ. ಮುಕ್ಕಾಲು ಗಂಟೆ ಸಂಗೀತ ಕೇಳಿ ಆಮೇಲೆ ಮಾಡ್ಲಿ. ನೀವು ಬನ್ನಿ ಮಾವ.”

ಅವರು ಬಂದರು. ಕ್ಯಾನು ಕೈಗೆತ್ತಿಕೊಂಡರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಕಿವಿ ಮೆಷಿನ್ನಿಗೆ ತಾಗುವಷ್ಟು ಬಾಗಿ, ಒಂದು ತೊಟ್ಟು ಬಿಟ್ಟರು. ಎರಡನೆಯದಕ್ಕೆ ಎಡಗೈ ಬೇಕಾಗಲಿಲ್ಲ. ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಮುಚ್ಚಿ, ಈಗ ಹಾಕು ಎಂದರು.

ಮೆಷಿನ್ ರಾಗ ಹಾಡಿ ಎದ್ದಿತು. ಪರದೆಯ ಮೇಲೆ ಹಳದಿ ಚೌಕವೊಂದು ಬಂತು. ಕಾಲರಮ್ಮನ ಬೆರಳು ಅಭ್ಯಾಸಬಲದಿಂದ ಮುಂದೆ ಹೋಗಿ ಅಲ್ಲೇ ನಿಂತಿತು. ಕನ್ನಡಕ ಹುಡುಕಿ ಹಾಕಿಕೊಂಡು, ಮಾವನಿಗೆ ಕೇಳುವ ಹಾಗೆ, ಸಣ್ಣ ಅಕ್ಷರವನ್ನೆಲ್ಲ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಹೊಸ ಬಣ್ಣದ ದಾರ ಬಂದಿದೆಯಂತೆ, ಈಗಲೇ ಕೊಂಡರೆ ರಿಯಾಯಿತಿಯಂತೆ, ಬೇಕೋ ಆಮೇಲೋ ಬೇಡವೋ ಎಂದು ಕೇಳುತ್ತಿದೆ. ಮಾವ ಕೊನೆಯ ಮಾತಿನವರೆಗೂ ತಾಳ್ಮೆಯಿಂದ ಕೇಳಿದರು.

“ಬೇಡ ಅನ್ನು,” ಎಂದು ಹೇಳಿ, ಕ್ಯಾನು ಎತ್ತಿಕೊಂಡು ಹಿತ್ತಲ ಬಾಗಿಲ ಕಡೆಗೆ ಹೋದರು.